ಷರಾ: ಗಾಳಿ

ಪರ್ತಿನಿಂದ ಸಿಡ್ನಿಗೆ
ಮೂರು ಸಾವಿರದ ಇನ್ನೂರ ಎಂಬತ್ತನಾಲ್ಕು ಕಿಲೋಮೀಟರು.
ಸಿಡ್ನಿಯಿಂದ ಪರ್ತಿಗೂ ಅಷ್ಟೇ, ನಕಾಶೆಯ ಪ್ರಕಾರ.
ಹೋಗಲು ನಾಲ್ಕು ತಾಸು ಐದು ನಿಮಿಷ,
ಬರಲು ಐದು ತಾಸು, ಕೆಲವೊಮ್ಮೆ ಅದಕ್ಕೂ ಮೇಲೆ.
ಹದಿನೇಳು ಸಲ ಹೋಗಿ ಬಂದಿದ್ದೇನೆ,
ಒಮ್ಮೆಯೂ ತಾಳೆಯಾಗಿಲ್ಲ.

ಆಸ್ಪತ್ರೆಯ ಹಿಂಬಾಗಿಲಲ್ಲಿ ಮೋಯ್ರಾ ಪೆಟ್ಟಿಗೆ ಕೊಡುತ್ತಾಳೆ.
ನೀಲಿ ಪೆಟ್ಟಿಗೆ, ಮದುವೆಮನೆಯ ಲಾಡಿನ ಡಬ್ಬಿಯಷ್ಟು.
ಒಳಗೊಂದು ಚೀಲದಲ್ಲಿ ಯಾರದೋ ಅಸ್ಥಿಮಜ್ಜೆ,
ಟೊಮೆಟೊ ಸಾರಿನ ಬಣ್ಣ.
ಎರಡರಿಂದ ಎಂಟು ಡಿಗ್ರಿಯ ನಡುವೆ ಇರಬೇಕು.
ಕೊಟ್ಟವರ ಹೆಸರು ನನಗೆ ಗೊತ್ತಾಗಕೂಡದು,
ಪಡೆಯುವವರದೂ.
ನಿದ್ದೆ ಬೇಡ, ವೈನ್ ಬೇಡ, ಕಣ್ಣು ತಪ್ಪಿಸಿ ಎಲ್ಲೂ ಇಡಬೇಡ
ಎನ್ನುತ್ತಾಳೆ ಪ್ರತಿ ಸಲ, ಹದಿನೇಳನೆಯ ಸಲವೂ,
ಮಗುವನ್ನು ಮೊದಲ ದಿನ ಶಾಲೆಗೆ ಕಳಿಸುವವಳ ಹಾಗೆ.

ತಪಾಸಣೆಯ ಹುಡುಗ ಕಾಗದ ಓದಿ
ಪೆಟ್ಟಿಗೆಯನ್ನು ಎಕ್ಸ್-ರೇಗೆ ಹಾಕದೆ
ಎರಡೂ ಕೈಯಲ್ಲಿ ಹಿಡಿದು ದಾಟಿಸುತ್ತಾನೆ.
ನನ್ನಿಂದ ಮಾತ್ರ ಬೂಟು ಬಿಚ್ಚಿಸುತ್ತಾನೆ.

ಕಿಟಕಿಯ ಕೆಳಗೆ ನಲ್ಲರ್ಬರ್.
ಮರವಿಲ್ಲ ಎಂಬುದೇ ಅದರ ಹೆಸರಿನ ಅರ್ಥವಂತೆ.
ಒಂದು ತಾಸು ನೋಡಿದರೂ ನೋಡಿದ್ದೇ:
ತಟ್ಟಿಟ್ಟ ರೊಟ್ಟಿ,
ತೆಂಕಣ ಅಂಚಿನಲ್ಲಿ ಸಮುದ್ರ ಕಚ್ಚಿ ಬಿಟ್ಟ ಗುರುತು.

ಅಪ್ಪ ಗದಗ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್.
ಬಂದ ಹೊತ್ತು, ಬಿಟ್ಟ ಹೊತ್ತು, ಷರಾ ಎಂದು
ಗೆರೆ ಎಳೆದ ಪುಸ್ತಕ.
ಷರಾದಲ್ಲಿ ತಡಕ್ಕೆ ಕಾರಣ ಬರೆಯುತ್ತಿದ್ದ:
ಪಂಕ್ಚರ್. ಎಮ್ಮೆ. ಹೆರಿಗೆ, ಹೆಣ್ಣು.
ದೂರ ಕೇಳಿದವರಿಗೆ ಕಿಲೋಮೀಟರು ಹೇಳಿದ್ದೇ ಇಲ್ಲ.
‘ಹುಲಕೋಟಿ ಏನ್ ದೂರ?
ಎರಡು ಎಲಿ ಹಾಕ್ಕೊಂಡು ಉಗುಳೂದ್ರಾಗ ಬಂತು.’
‘ಮುಂಡರಗಿ? ಒಂದ್ ನಿದ್ದಿ. ಕಿಟಕಿ ಸಿಕ್ರ.’
ಅವನ ಲೆಕ್ಕದಲ್ಲಿ ಈ ಖಂಡ ಎಷ್ಟು ಎಲೆ
ಎಂದು ಎಣಿಸುತ್ತ ಕೂರುತ್ತೇನೆ,
ನಿದ್ದೆ ಬರಬಾರದಲ್ಲ.

ಪಡುವಣದಿಂದ ಮೂಡಣಕ್ಕೆ ಮೇಲೆಲ್ಲೋ
ಗಾಳಿಯ ಹೊಳೆಯೊಂದು ಹರಿಯುತ್ತದಂತೆ.
ಹೋಗುವಾಗ ಅದು ಬೆನ್ನಿಗೆ.
ಹನ್ನೆರಡು ನಿಮಿಷ ಮೊದಲೇ ಇಳಿಯುತ್ತೇವೆ ಎನ್ನುತ್ತಾನೆ ಪೈಲಟ್.
ಯಾರೂ ಫೋನಿನಿಂದ ತಲೆ ಎತ್ತುವುದಿಲ್ಲ.
ನಾನು ಪೆಟ್ಟಿಗೆಯ ಮೇಲೆ ಕೈಯಿಟ್ಟು
ಕನ್ನಡದಲ್ಲೇ ಹೇಳುತ್ತೇನೆ: ಹನ್ನೆರಡು ನಿಮಿಷ.

ಸಿಡ್ನಿಯ ಗಡಿಯಾರ ಎರಡು ತಾಸು ಮುಂದೆ,
ಇಳಿಯುವಷ್ಟರಲ್ಲಿ ಸಂಜೆ ಆಗಿಹೋಗಿರುತ್ತದೆ.
ನಾಲ್ಕನೆಯ ಮಹಡಿ. ಮೂರು ಸಹಿ. ಬಾಗಿಲು ಮುಚ್ಚಿಕೊಳ್ಳುತ್ತದೆ.
ಅದರಾಚೆ, ಹಳೆಯ ರಕ್ತದ ಬೇರು ಸಮೇತ ಸುಡಿಸಿಕೊಂಡು
ಯಾರೋ ಕಾಯುತ್ತ ಮಲಗಿರುತ್ತಾರೆ.
ಒಮ್ಮೆ ಮಾತ್ರ ಬಾಗಿಲ ಸಂದಿಯಲ್ಲಿ
ಗೇಣುದ್ದವೂ ಇಲ್ಲದ ಹಸಿರು ಕಾಲುಚೀಲ ಕಂಡಿತ್ತು.
ಮೋಯ್ರಾಗೆ ಹೇಳಿಲ್ಲ.

ಬರುವಾಗ ಪೆಟ್ಟಿಗೆ ಖಾಲಿ.
ನಿದ್ದೆ ಮಾಡಬಹುದು, ವೈನ್ ಕುಡಿಯಬಹುದು,
ಪೆಟ್ಟಿಗೆಯನ್ನು ತಲೆಯ ಮೇಲಿನ ಗೂಡಿಗೆ ತಳ್ಳಬಹುದು.
ಕಾಲ ಬಳಿಯೇ ಇಟ್ಟುಕೊಳ್ಳುತ್ತೇನೆ.
ಎದುರುಗಾಳಿ. ವಿಮಾನ
ಏರು ಹತ್ತುವ ಸೈಕಲ್ಲಿನಂತೆ ಮುಂದೆ ಬಾಗಿದೆ ಅನ್ನಿಸುತ್ತದೆ.
ಪಕ್ಕದ ಗಣಿ ಕೆಲಸದವ ಕೇಳುತ್ತಾನೆ: ಮೀನಾ?
ಹೂಂ, ಅನ್ನುತ್ತೇನೆ.
ದೊಡ್ಡದು ಸಿಕ್ಕಿತಾ?
ಇನ್ನೂ ಗೊತ್ತಾಗಿಲ್ಲ, ಅನ್ನುತ್ತೇನೆ.

ಮೊನ್ನೆ ಹೊಸ ಗುಮಾಸ್ತ ಫೋನು ಮಾಡಿದ.
ಖರ್ಚಿನ ನಮೂನೆಯಲ್ಲಿ ತಪ್ಪಿದೆಯಂತೆ.
ದಾರಿ ಒಂದೇ, ದೂರ ಒಂದೇ,
ಐವತ್ತೈದು ನಿಮಿಷ ಎಲ್ಲಿ ಹೋಯಿತು, ಮೇಡಂ?
ಷರಾ ಖಾನೆ ಇದೆಯಾ, ಕೇಳಿದೆ.
ಇತ್ತು.
ಗಾಳಿ ಎಂದು ಬರೆಯಿರಿ, ಅಂದೆ.
ಆ ಬದಿಯಲ್ಲಿ ಟೈಪು ಮಾಡುವ ಸದ್ದು ಕೇಳಿಸಿತು.
ಅಳಿಸಿದ. ಮತ್ತೆ ಟೈಪು ಮಾಡಿದ.